ನೆಟ್ಟಗೆ ಕೂತ್ಕೋ!

ನಮ್ಮ ಚಿಕ್ಕಪ್ಪನ ಮಗಳ ಬೆನ್ನು ಸೊಟ್ಟಗಿದೆ ಅಂತ ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಊರಿನ ಟೈಲರ್. ಎಂಟನೇ ಕ್ಲಾಸಿನ ಯೂನಿಫಾರಂ ಹೊಲಿಸೋಕೆ ಹೋದಾಗ ಅಳತೆ ತೆಗೆದುಕೊಳ್ಳುತ್ತಾ, "ಒಂದು ಭುಜ ಮೇಲಿದೆಯಲ್ಲಮ್ಮಾ, ಟಾಪು ಒಂದು ಕಡೆ ಎತ್ತಿ ನಿಲ್ಲುತ್ತೆ" ಅಂದರಂತೆ. ಚಿಕ್ಕಮ್ಮ ಅಲ್ಲೇ ಮಗಳ ಬೆನ್ನಿಗೊಂದು ಮೆಲ್ಲಗೆ ಗುದ್ದಿ, "ನೆಟ್ಟಗೆ ನಿಂತ್ಕೋ, ಅಳತೆ ಸರಿ ತಗೊಳ್ಲಿ" ಅಂದರಂತೆ. ಅಲ್ಲಿಗೆ ವಿಷಯ ಮುಗಿಯಿತು. ಟೈಲರ್ ತಮ್ಮ ಕೆಲಸ ತಾವು ಮಾಡಿದರು, ಒಂದು ಕಡೆ ಸ್ವಲ್ಪ ಬಟ್ಟೆ ಹೆಚ್ಚು ಬಿಟ್ಟು ಹೊಲಿದು ಕೊಟ್ಟರು.

ಈಗ ಅವಳಿಗೆ ಹದಿನೈದು ಮುಗಿದಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಕೂತಿದ್ದಾಳೆ. ಇನ್ನು ಹನ್ನೆರಡು ದಿನಕ್ಕೆ ಬೆನ್ನುಮೂಳೆಯ ಆಪರೇಷನ್. (ಹೆಸರು ಬೇಡ, ಪುಟ್ಟಿ ಅನ್ನೋಣ. ಬರೆಯಲಾ ಅಂತ ಅವಳನ್ನೇ ಕೇಳಿದೆ. "ಬರಿ, ಆದ್ರೆ ಫೋಟೋ ಹಾಕಿದ್ರೆ ನೋಡು" ಅಂದಿದ್ದಾಳೆ.)

ಕಾಯಿಲೆಯ ಹೆಸರು ಸ್ಕೋಲಿಯೋಸಿಸ್. ಹಿಂದಿನಿಂದ ನೋಡಿದರೆ ನೇರವಾಗಿ ಕಾಣಬೇಕಾದ ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತದೆ. ಬರೀ ಬಾಗೋದಲ್ಲ, ತಿರುಚಿಕೊಳ್ಳುತ್ತದೆ ಕೂಡ. ಅದರ ಜೊತೆ ಪಕ್ಕೆಲುಬೂ ತಿರುಗುವುದರಿಂದ ಒಂದು ಕಡೆ ಬೆನ್ನು ಉಬ್ಬಿದ ಹಾಗೆ ಕಾಣುತ್ತದೆ. ಹದಿಹರೆಯದ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹತ್ತು ಡಿಗ್ರಿಗಿಂತ ಹೆಚ್ಚಿನ ಬಾಗು ಇರುತ್ತದಂತೆ. ಬಹಳಷ್ಟು ಮಕ್ಕಳಿಗೆ ಅದು ಅಲ್ಲಿಗೇ ನಿಲ್ಲುತ್ತದೆ, ಏನೂ ಮಾಡಬೇಕಾಗಿಲ್ಲ. ಕೆಲವರಿಗೆ ಮಾತ್ರ ಎತ್ತರ ಬೆಳೆಯುವ ವರ್ಷಗಳಲ್ಲಿ ಸರ್ರನೆ ಹೆಚ್ಚುತ್ತದೆ, ಅದರಲ್ಲೂ ಹೆಣ್ಣುಮಕ್ಕಳಿಗೇ ಜಾಸ್ತಿ. ಎಕ್ಸ್‌ರೇ ಮೇಲೆ ಗೆರೆ ಎಳೆದು ಈ ಕೋನ ಅಳೆಯುವ ವಿಧಾನವನ್ನು ೧೯೪೮ರಲ್ಲಿ ಹೇಳಿಕೊಟ್ಟವರು ಜಾನ್ ಕಾಬ್ ಅನ್ನೋ ಅಮೆರಿಕದ ಡಾಕ್ಟರು. ಇವತ್ತಿಗೂ ಅದೇ ಅಳತೆ, ಅದೇ ಹೆಸರು. ಪುಟ್ಟಿಯದು ೫೮ ಡಿಗ್ರಿ. ಐವತ್ತು ದಾಟಿದ ಬಾಗು ಬೆಳವಣಿಗೆ ನಿಂತ ಮೇಲೂ ವರ್ಷ ವರ್ಷ ಸ್ವಲ್ಪ ಸ್ವಲ್ಪ ಹೆಚ್ಚುತ್ತಾ ಹೋಗಬಹುದು, ಅದಕ್ಕೇ ಆಪರೇಷನ್.

ಇದು ಯಾಕೆ ಬರುತ್ತೆ? ಬಹುಪಾಲು ಕೇಸುಗಳಲ್ಲಿ ಖಚಿತ ಕಾರಣ ಗೊತ್ತಿಲ್ಲ. ವಂಶವಾಹಿಯ ಪಾತ್ರ ಇದೆ ಅನ್ನುತ್ತಾರೆ. ಡಾಕ್ಟರುಗಳ ಭಾಷೆಯಲ್ಲಿ 'ಇಡಿಯೋಪಥಿಕ್' ಅಂದರೆ ಇಷ್ಟೇ, ಕಾರಣ ಗೊತ್ತಿಲ್ಲ ಅನ್ನೋದನ್ನ ಗ್ರೀಕಿನಲ್ಲಿ ಹೇಳೋದು. (ನಮ್ಮ ಆಫೀಸಿನಲ್ಲಿ 'ನೆಟ್‌ವರ್ಕ್ ಇಶ್ಯೂ' ಅಂತೀವಲ್ಲ, ಹಾಗೆ.) ಆದರೆ ಏನರಿಂದ ಬರೋದಿಲ್ಲ ಅನ್ನೋದು ಮಾತ್ರ ಗೊತ್ತಿದೆ. ಭಾರದ ಸ್ಕೂಲ್ ಬ್ಯಾಗಿನಿಂದ ಅಲ್ಲ. ಮೊಬೈಲ್ ಹಿಡಿದು ಕೂತದ್ದಕ್ಕಲ್ಲ. ಗೂನಿಕೊಂಡು ಓದಿದ್ದಕ್ಕಲ್ಲ.

ನನ್ನ ಹೊಟ್ಟೆ ಉರಿಯೋದು ಇಲ್ಲೇ. ಎರಡೂವರೆ ವರ್ಷ ಆ ಹುಡುಗಿ ಮನೆಯಲ್ಲಿ, ಸ್ಕೂಲಲ್ಲಿ, ಮದುವೆ ಮುಂಜಿಯಲ್ಲಿ ಕೇಳಿದ್ದು ಒಂದೇ ಮಾತು, "ನೆಟ್ಟಗೆ ಕೂತ್ಕೋ!" ನಾನೂ ಹೇಳಿದ್ದೇನೆ, ಸುಳ್ಳು ಯಾಕೆ ಹೇಳಲಿ. ಚೌತಿಗೆ ಊರಿಗೆ ಹೋದಾಗ ಪಂಕ್ತಿಯಲ್ಲಿ ಪಕ್ಕ ಕೂತಿದ್ದವಳಿಗೆ "ಏನೇ ಅಜ್ಜಿ ಥರ ಕೂತಿದೀಯ" ಅಂದು ನಕ್ಕಿದ್ದೆ. ಅವಳಿಗೆ ಎಷ್ಟು ನೆಟ್ಟಗೆ ಕೂರೋಕೆ ಸಾಧ್ಯವೋ ಅಷ್ಟು ನೆಟ್ಟಗೇ ಕೂತಿದ್ದಳು ಅಂತ ಈಗ ಗೊತ್ತಾಗಿದೆ. ಅವಳು ಜಡೆಯನ್ನು ಯಾವಾಗಲೂ ಉಬ್ಬಿದ ಕಡೆಗೇ ಬಿಟ್ಟುಕೊಳ್ಳುತ್ತಿದ್ದಳು, ವೇಲನ್ನು ಬೆನ್ನು ಮುಚ್ಚುವ ಹಾಗೆ ಹಾಕಿಕೊಳ್ಳುತ್ತಿದ್ದಳು. ಸ್ಕೂಲಿನಲ್ಲಿ ಯಾರೋ ಒಬ್ಬ 'ಮಂಥರೆ' ಅಂತ ಹೆಸರಿಟ್ಟಿದ್ದನಂತೆ. ಇದೆಲ್ಲ ನಮಗೆ ತಿಳಿದದ್ದು ಮೊನ್ನೆ ಮೊನ್ನೆ.

ಪತ್ತೆ ಮಾಡೋದು ಕಷ್ಟವೂ ಅಲ್ಲ. ಮಗು ಕಾಲು ಜೋಡಿಸಿ ನಿಂತು, ಕೈ ಜೋತುಬಿಟ್ಟು ಮುಂದಕ್ಕೆ ಬಗ್ಗಬೇಕು. ಹಿಂದೆ ನಿಂತು ನೋಡಿದರೆ ಬೆನ್ನಿನ ಒಂದು ಪಕ್ಕ ಎತ್ತರವಾಗಿ ಕಂಡರೆ ಡಾಕ್ಟರ ಹತ್ತಿರ ಹೋಗಬೇಕು. ಅಷ್ಟೇ, ಅರ್ಧ ನಿಮಿಷದ ಕೆಲಸ. ಲಂಡನ್ನಿನ ವಿಲಿಯಂ ಆಡಮ್ಸ್ ಎಂಬ ಸರ್ಜನ್ ಇದನ್ನು ೧೮೬೫ರಲ್ಲೇ ವಿವರಿಸಿದ್ದರು. ಪುಟ್ಟಿಯ ಸ್ಕೂಲಿಗೂ ಆರೋಗ್ಯ ತಪಾಸಣೆಯವರು ಬಂದಿದ್ದರು. ಎತ್ತರ, ತೂಕ, ಕಣ್ಣು, ಹಲ್ಲು ನೋಡಿ ಹೋದರು. ಬಗ್ಗು ಅಂತ ಯಾರೂ ಹೇಳಲಿಲ್ಲ.

ಬೇಗ ಗೊತ್ತಾಗಿದ್ದರೆ ಏನಾಗುತ್ತಿತ್ತು? ಬಾಗು ಸುಮಾರು ಇಪ್ಪತ್ತೈದರಿಂದ ನಲವತ್ತು ಡಿಗ್ರಿ ಇದ್ದು, ಮಗು ಇನ್ನೂ ಬೆಳೆಯುತ್ತಿದ್ದರೆ ಸೊಂಟದಿಂದ ಕಂಕುಳವರೆಗೆ ಪ್ಲಾಸ್ಟಿಕ್ ಬ್ರೇಸ್ ಹಾಕುತ್ತಾರೆ. ಇದು ನಿಜವಾಗಿ ಕೆಲಸ ಮಾಡುತ್ತಾ ಅಂತ ಅಮೆರಿಕ, ಕೆನಡಾಗಳಲ್ಲಿ ದೊಡ್ಡ ಅಧ್ಯಯನವೊಂದು ನಡೆದು ೨೦೧೩ರಲ್ಲಿ ಪ್ರಕಟವಾಯಿತು. ಬ್ರೇಸ್ ಹಾಕಿದವರಲ್ಲಿ ನೂರಕ್ಕೆ ೭೨ ಮಕ್ಕಳ ಬಾಗು ಆಪರೇಷನ್ ಮಟ್ಟಕ್ಕೆ ಹೋಗದೆ ನಿಂತಿತು, ಹಾಕದವರಲ್ಲಿ ೪೮. ಅಂದರೆ ಬ್ರೇಸ್ ಹಾಕಿದರೂ ಪುಟ್ಟಿ ಇದೇ ಟೇಬಲ್ಲಿಗೆ ಬರುವ ಸಾಧ್ಯತೆ ಇತ್ತು. ಟೈಲರ್ ಹೇಳಿದ ದಿನ ಅವಳ ಬಾಗು ಎಷ್ಟಿತ್ತು ಅಂತ ಈಗ ಯಾರಿಗೂ ಗೊತ್ತಾಗೋದಿಲ್ಲ. ಚಿಕ್ಕಮ್ಮ ಅದನ್ನೇ ನೆನೆಸಿಕೊಂಡು ಅಳ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆಮೇಲೆ ನಡೆದದ್ದರ ಬಗ್ಗೆ ಇದೆ.

ಜನವರಿಯಲ್ಲಿ ಬೆಂಗಳೂರಿಗೆ ಕರೆತಂದು ತೋರಿಸಿದರು. ಎಕ್ಸ್‌ರೇ ಬೋರ್ಡಿನ ಮೇಲಿತ್ತು. ಸರ್ಜನ್ ಚಿಕ್ಕಪ್ಪನ ಜೊತೆ ಮಾತಾಡಿದರು, ಚಿಕ್ಕಪ್ಪ ನನ್ನ ಮುಖ ನೋಡಿದರು, ನಾನು ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ ಕೇಳಿ ಜಾಣನಾದೆ. ಪುಟ್ಟಿ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಬೆನ್ನಿನ ಬಗ್ಗೆ ಮೂರು ಜನ ಅವಳ ತಲೆಯ ಮೇಲಿಂದ ಮಾತಾಡಿ ಎದ್ದು ಬಂದೆವು. ಹೊರಗೆ ಬಂದ ಮೇಲೆ ಮನೆಯವರ ತೀರ್ಮಾನವಾಯಿತು: ಪರೀಕ್ಷೆ ಮುಗಿಯೋವರೆಗೆ ಅವಳಿಗೆ ಏನೂ ಹೇಳೋದು ಬೇಡ. ನೆಂಟರಿಗಂತೂ ಬೇಡವೇ ಬೇಡ, 'ಸ್ವಲ್ಪ ಬೆನ್ನುನೋವು, ಫಿಸಿಯೋಥೆರಪಿ' ಅಂದರೆ ಸಾಕು. ನಾಳೆ ಗಂಡಿನ ಕಡೆಯವರು ಕೇಳಿದರೆ? (ಹುಡುಗಿಗೆ ಹದಿನೈದು!) ಅಜ್ಜಿ ಒಬ್ಬಳೇ ಅವಳ ಹತ್ತಿರ ಈ ವಿಷಯ ಎತ್ತಿದ್ದು, ಅದೂ ಮಥುರೆಯ ಕುಬ್ಜೆಯ ಕಥೆಯಾಗಿ. ಕೃಷ್ಣ ಅವಳ ಕಾಲ್ಬೆರಳು ಮೆಟ್ಟಿ, ಗದ್ದ ಹಿಡಿದೆತ್ತಿದ, ಬೆನ್ನು ನೆಟ್ಟಗಾಯ್ತು, ಮುಗೀತು. ಪುಟ್ಟಿ ಕೇಳಿದಳಂತೆ, "ಅವಳಿಗೆ ನೋವಾಗಲಿಲ್ವಾ ಅಜ್ಜಿ?"

ಅವಳಿಗೆ ಏನೂ ಗೊತ್ತಿಲ್ಲ ಅಂತ ನಾವಂದುಕೊಂಡಿದ್ದೆವು. ಅವಳು ರಿಪೋರ್ಟಿನಲ್ಲಿದ್ದ ಹೆಸರು ನೋಡಿಕೊಂಡು, ರಾತ್ರಿ ಎಲ್ಲ ಮಲಗಿದ ಮೇಲೆ ಚಿಕ್ಕಪ್ಪನ ಮೊಬೈಲಿನಲ್ಲಿ ಯೂಟ್ಯೂಬ್ ಹಾಕಿ ಆಪರೇಷನ್ನಿನ ವಿಡಿಯೋಗಳನ್ನೇ ನೋಡಿದ್ದಳು. ತೆರೆದ ಬೆನ್ನು, ಸ್ಕ್ರೂ, ಸುತ್ತಿಗೆ, ಎಲ್ಲ. ಒಂದೂ ಮಾತಾಡದೆ ಗಣಿತದ ಪರೀಕ್ಷೆ ಬರೆದು ಬಂದಿದ್ದಳು. ನಾವು ಮುಚ್ಚಿಟ್ಟದ್ದರಿಂದ ಅವಳ ಹೆದರಿಕೆ ಕಡಿಮೆಯಾಗಿರಲಿಲ್ಲ. ಹೆದರಿಕೆಯ ಜೊತೆ ಅವಳನ್ನು ಒಬ್ಬಳನ್ನೇ ಬಿಟ್ಟಿದ್ದೆವು ಅಷ್ಟೆ.

ಪರೀಕ್ಷೆ ಮುಗಿದ ವಾರ ನನಗೆ ಫೋನು. "ಅಣ್ಣ, ನೀನು ಇಂಜಿನಿಯರ್ ಅಲ್ವಾ, ಸ್ಕ್ರೂ ಲೂಸ್ ಆದ್ರೆ ಏನ್ ಮಾಡ್ತಾರೆ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ನೋಟ್‌ಬುಕ್ ತಗೋ, ತಲೆಗೆ ಬಂದದ್ದೆಲ್ಲ ಬರಿ, ಮುಂದಿನ ಸಲ ಡಾಕ್ಟರನ್ನೇ ಕೇಳೋಣ ಅಂದೆ. ಎರಡು ಪುಟ ಬರೆದಿದ್ದಳು. ಕೂದಲು ಕತ್ತರಿಸ್ತಾರಾ? ಬಗ್ಗಿ ರಂಗೋಲಿ ಹಾಕಬಹುದಾ? ನೆಲದಲ್ಲಿ ಕೂತು ಊಟ ಮಾಡಬಹುದಾ? ಎಷ್ಟು ಉದ್ದ ಕಲೆ ಉಳಿಯುತ್ತೆ? ಮಧ್ಯದಲ್ಲಿ ಎಚ್ಚರ ಆದ್ರೆ? ಇನ್ನೊಂದನ್ನು ನನ್ನ ಅಕ್ಕನ ಕಿವಿಯಲ್ಲಿ ಹೇಳಿದಳಂತೆ, ಆ ದಿನವೇ ಮುಟ್ಟಾದರೆ ಏನು ಮಾಡೋದು ಅಂತ. ಕೊನೆಯ ಪ್ರಶ್ನೆಯನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದಳು: ಕಾಲು ಸ್ವಾಧೀನ ಹೋಗುತ್ತಾ?

ಆ ಸರ್ಜನ್ನರ ಬಗ್ಗೆ ಜನವರಿಯಲ್ಲಿ ನಾನು ಬೇರೆ ಅಭಿಪ್ರಾಯ ಇಟ್ಟುಕೊಂಡಿದ್ದೆ. ಈ ಸಲ ನೋಟ್‌ಬುಕ್ ಕಂಡದ್ದೇ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು ಒಂದೊಂದಾಗಿ ಓದಿ ಉತ್ತರ ಕೊಟ್ಟರು. ಹೊರಗೆ ಜನ ಕಾಯ್ತಿದ್ದರು, ಆದರೂ. ಕೂದಲು ಕತ್ತರಿಸೋದಿಲ್ಲ, ಎರಡು ಜಡೆ ಹಾಕಿಕೊಂಡು ಬಾ. ಮುಟ್ಟಾದರೂ ಆಪರೇಷನ್ ನಿಲ್ಲೋದಿಲ್ಲ, ನರ್ಸ್ ನೋಡಿಕೊಳ್ತಾರೆ. ನೆಲದ ಮೇಲೆ ಕೂರೋದು ಕೆಲವು ತಿಂಗಳು ಬೇಡ, ಆಮೇಲೆ ಸರಿ. ರಂಗೋಲಿಯನ್ನು ಮಂಡಿ ಮಡಿಸಿ ಕೂತು ಹಾಕಬಹುದು, ಯಾಕೆಂದರೆ ನಾವು ಬಗ್ಗುವುದರಲ್ಲಿ ಹೆಚ್ಚಿನ ಪಾಲು ಸೊಂಟ, ತೊಡೆಸಂದಿನದು. ಅವಳಿಗೆ ಸೇರಿಸೋದು ಎದೆಯ ಹಿಂದಿನ ಮೂಳೆಗಳನ್ನು ಮಾತ್ರ. ಸ್ಕ್ರೂ ಲೂಸ್ ಆಗೋ ಪ್ರಶ್ನೆಗೆ ನಕ್ಕರು. ಟೈಟಾನಿಯಂ ಸ್ಕ್ರೂ ಮತ್ತು ಸರಳುಗಳ ಕೆಲಸ ಮೂಳೆಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡೋದು. ಸುತ್ತ ಮೂಳೆಯ ಚೂರುಗಳನ್ನು ಇಡುತ್ತಾರೆ, ತಿಂಗಳುಗಳು ಕಳೆದಂತೆ ಅವೆಲ್ಲ ಕೂಡಿಕೊಂಡು ಒಂದೇ ಮೂಳೆಯಾಗುತ್ತದೆ. ಆಮೇಲೆ ಭಾರ ಹೊರೋದು ಮೂಳೆ, ಸ್ಕ್ರೂ ಅಲ್ಲ. ಅಪರೂಪಕ್ಕೆ ಕೂಡಿಕೊಳ್ಳದಿದ್ದರೆ ಲೂಸ್ ಆಗಬಹುದು, ಆಗ ಇನ್ನೊಮ್ಮೆ ಸರಿ ಮಾಡಬೇಕು ಅಂತಲೂ ಹೇಳಿದರು. ಸರಳು ಹಾಕುವ ಕ್ರಮವನ್ನು ಟೆಕ್ಸಾಸಿನ ಪಾಲ್ ಹ್ಯಾರಿಂಗ್ಟನ್ ಪೋಲಿಯೋದಿಂದ ಬೆನ್ನು ಬಾಗಿದ ಮಕ್ಕಳಿಗಾಗಿ ಶುರುಮಾಡಿ ೧೯೬೨ರಲ್ಲಿ ಪ್ರಕಟಿಸಿದ್ದು. ಆ ಕಾಲದ ಮಕ್ಕಳು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಿರಬೇಕಿತ್ತು. ಈಗ ಮಾರನೇ ದಿನವೋ ಅದರ ಮಾರನೇ ದಿನವೋ ಎಬ್ಬಿಸಿ ನಿಲ್ಲಿಸುತ್ತಾರೆ.

ಕೊನೆಯ ಪ್ರಶ್ನೆ ಬಂದಾಗ ಚಿಕ್ಕಮ್ಮ "ಛೆ, ಅದೆಲ್ಲ ಯಾಕೆ ಕೇಳ್ತೀಯ, ಏನೂ ಆಗಲ್ಲ" ಅಂತ ಬಾಯಿ ಹಾಕಿದರು. ಡಾಕ್ಟರು "ಕೇಳಲಿ ಬಿಡಿಯಮ್ಮ" ಅಂದರು. ಅಪಾಯ ಇದೆ, ನೂರರಲ್ಲಿ ಒಂದಕ್ಕಿಂತ ಕಡಿಮೆ ಅಂದರು. ಆಪರೇಷನ್ ಉದ್ದಕ್ಕೂ ತಲೆಯಿಂದ ಕಾಲಿಗೆ ಸಣ್ಣ ವಿದ್ಯುತ್ ಸಂಕೇತ ಕಳಿಸುತ್ತಾ ನರಗಳನ್ನು ನೋಡಿಕೊಳ್ಳುತ್ತಾರೆ, ಸಂಕೇತ ಕಡಿಮೆಯಾದರೆ ತಕ್ಷಣ ಕೈ ನಿಲ್ಲಿಸಿ ಎಳೆದದ್ದನ್ನು ಸಡಿಲಿಸುತ್ತಾರೆ ಅಂದರು. ಬೇಕಾದರೆ ಮಧ್ಯದಲ್ಲಿ ಮಂಪರು ಸ್ವಲ್ಪ ಇಳಿಸಿ "ಕಾಲು ಅಲ್ಲಾಡಿಸು" ಅಂತ ಹೇಳುವ ಹಳೆಯ ಪರೀಕ್ಷೆಯೂ ಒಂದಿದೆ, ೧೯೭೩ರಿಂದ ಬಳಕೆಯಲ್ಲಿದೆ, ಆಗ ನೋವು ಗೊತ್ತಾಗೋದಿಲ್ಲ ಅಂದರು.

ಕಾರಿನಲ್ಲಿ ಪುಟ್ಟಿ ಅತ್ತಳು. ಜೋರಾಗಿ. ಚಿಕ್ಕಮ್ಮ ನನ್ನ ಮೇಲೆ ರೇಗಿದರು, "ನಿನ್ನ ನೋಟ್‌ಬುಕ್ಕಿನಿಂದ ಆಗಿದ್ದು ಇದು!" ಆ ದಿನದಿಂದ ಅವರು ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ.

ನಾನು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ, ಆದರೆ ಆ ಅಳು ಕೇಳಿದ ಮೇಲೆ ಮೊದಲಿನಷ್ಟು ಧೈರ್ಯವಾಗಿ ಹೇಳೋಕೆ ಆಗ್ತಿಲ್ಲ. ಹದಿನೆಂಟು ತುಂಬಿಲ್ಲ, ಸಹಿ ಅಪ್ಪನದೇ, ಒಪ್ಪಿದೆ. ಆದರೆ ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು ಅಂತ ವಿಶ್ವಸಂಸ್ಥೆಯ ೧೯೮೯ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೧೨ನೇ ವಿಧಿಯಲ್ಲೇ ಇದೆ, ಭಾರತ ಅದನ್ನು ೧೯೯೨ರಲ್ಲಿ ಒಪ್ಪಿದೆ. ಒಡಂಬಡಿಕೆ ಹಾಗಿರಲಿ, ಒಂದು ಸರ್ವರ್ ಬದಲಾಯಿಸುವಾಗ ಅದನ್ನು ಬಳಸುವವರಿಗೆ ಹದಿನೈದು ದಿನ ಮುಂಚೆ ಮೇಲ್ ಹಾಕ್ತೀವಿ, ಏನೇನು ಕೆಲಸ ಮಾಡೋದಿಲ್ಲ, ಎಷ್ಟು ಹೊತ್ತು ಅಂತ. ಮಗುವಿನ ಬೆನ್ನು ಬಿಚ್ಚುವಾಗ 'ಏನೂ ಆಗಲ್ಲ' ಅಂತೀವಿ. ಮುಖ ಕೆಳಗೆ ಮಾಡಿ ಗಂಟೆಗಟ್ಟಲೆ ಮಲಗೋದು ಅವಳು. ಎಚ್ಚರವಾದಾಗ ಮೂತ್ರದ ನಳಿಗೆ, ರಕ್ತ ಹೊರಬಿಡುವ ನಳಿಗೆ, ಊದಿದ ಮುಖ, ಇದನ್ನೆಲ್ಲ ಮೊದಲೇ ಹೇಳಿರದಿದ್ದರೆ ಆಗ ಅವಳು ಏನಂದುಕೊಳ್ಳಬೇಕು? ಏನೋ ಕೆಟ್ಟುಹೋಗಿದೆ ಅಂತಲೇ. 'ಏನೂ ಆಗಲ್ಲ' ಅಂದವರನ್ನು ಆಮೇಲೆ ಅವಳು ಯಾವ ವಿಷಯಕ್ಕೆ ನಂಬಬೇಕು?

ಗಂಡಿನ ಕಡೆಯವರ ವಿಷಯಕ್ಕೆ ಪುಟ್ಟಿಯೇ ಉತ್ತರ ಹುಡುಕಿದ್ದಾಳೆ. ಇಂಗ್ಲೆಂಡಿನ ರಾಜಕುಮಾರಿ ಯೂಜಿನಿಗೆ ೨೦೦೨ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ ಇದೇ ಆಪರೇಷನ್ ಆಗಿತ್ತು. ೨೦೧೮ರ ತನ್ನ ಮದುವೆಯಲ್ಲಿ ಆ ಕಲೆ ಎಲ್ಲರಿಗೂ ಕಾಣಲಿ ಅಂತಲೇ ಬೆನ್ನು ತೆರೆದ ಗೌನು ಹೊಲಿಸಿಕೊಂಡಿದ್ದಳು. ಫೋಟೋ ತೋರಿಸಿದರೆ ಚಿಕ್ಕಮ್ಮ "ಅವರು ರಾಜರ ಮನೆಯವರು ಕಣೇ, ಏನು ಹಾಕಿಕೊಂಡರೂ ನಡೆಯುತ್ತೆ" ಅಂದರಂತೆ. ಆದರೆ ಆ ಫೋಟೋವನ್ನು ಎರಡು ಸಲ ದೊಡ್ಡದು ಮಾಡಿ ನೋಡಿದರಂತೆ.

ಊರಲ್ಲಿ ಈಗ ತಯಾರಿ ನಡೀತಿದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು, ಕಬ್ಬಿಣದ ಮಾತ್ರೆ ನುಂಗುತ್ತಿದ್ದಾಳೆ. ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದಾರೆ, ಉಸಿರು ಎಳೆದರೆ ಚೆಂಡು ಮೇಲೇರಬೇಕು. ಮೂರನೆಯದು ಇನ್ನೂ ಪೂರ್ತಿ ಏರೋದಿಲ್ಲ. ಬೆನ್ನು ತಿರುಚದೆ, ಮರದ ದಿಮ್ಮಿ ಉರುಳಿಸಿದ ಹಾಗೆ ಇಡೀ ಮೈ ಒಟ್ಟಿಗೆ ಹೊರಳಿಸಿ ಹಾಸಿಗೆಯಿಂದ ಏಳೋದನ್ನ ಮಂಚದ ಮೇಲೆ ಅಭ್ಯಾಸ ಮಾಡ್ತಾಳೆ. ತಮ್ಮ ಪಕ್ಕದಲ್ಲಿ ನಿಂತು "ಫೌಲ್! ಭುಜ ಮೊದಲು ಬಂತು!" ಅಂತ ಕೂಗ್ತಾನಂತೆ. ಚಿಕ್ಕಪ್ಪ ಬಚ್ಚಲಿನ ಪಕ್ಕ ಕಮೋಡ್ ಹಾಕಿಸಿದರು. ನಾನು ರಕ್ತ ಕೊಟ್ಟು ಬಂದೆ.

ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ನೋಟ್‌ಬುಕ್ಕಿನಲ್ಲಿ ಇನ್ನೊಂದು ಪ್ರಶ್ನೆ ಸೇರಿದೆ, ಆಪರೇಷನ್ ಆದ ಮೇಲೆ ಎತ್ತರ ಎಷ್ಟು ಹೆಚ್ಚುತ್ತೆ ಅಂತ. ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್ ಅಂತ ಓದಿದ್ದೆ, ಹೇಳಿದೆ. "ಹಾಗಾದ್ರೆ ಅಮ್ಮನಿಗಿಂತ ಎತ್ತರ ಆಗ್ತೀನಿ" ಅಂದಳು. ಹಿಂದಿನಿಂದ ಚಿಕ್ಕಮ್ಮನ ದನಿ ಕೇಳಿಸಿತು, "ಯಾರದು ಫೋನಲ್ಲಿ? ಕೊಡು ಇಲ್ಲಿ." ಫೋನ್ ತೆಗೆದುಕೊಂಡು ಒಂದು ಕ್ಷಣ ಸುಮ್ಮನಿದ್ದು ಕೇಳಿದರು, "ಆ ದಿನ ಒಳಗೆ ಎಷ್ಟು ಹೊತ್ತು ಇಟ್ಕೋತಾರಂತೋ? ಅದನ್ನ ಯಾರೂ ಕೇಳಲೇ ಇಲ್ಲ."