ನೆಲದಲ್ಲಿ ಸಿಗುವ ಹಳೆಯ ಲೋಹವಸ್ತುಗಳ ದಾಖಲಾತಿ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ,
ಕರ್ನಾಟಕ ಸರ್ಕಾರ.

ಇವರಿಂದ,
ಕೆಳಗೆ ಸಹಿ ಮಾಡಿರುವ ಶಿವಮೊಗ್ಗ, ಹಾವೇರಿ ಮತ್ತು ಚಿತ್ರದುರ್ಗ ಜಿಲ್ಲೆಗಳ ರೈತರು, ಶಾಲಾ ಶಿಕ್ಷಕರು, ಇತಿಹಾಸ ಅಧ್ಯಾಪಕರು ಹಾಗೂ ನಾಣ್ಯಾಸಕ್ತರು.

ವಿಷಯ: ಸಾರ್ವಜನಿಕರಿಗೆ ಆಕಸ್ಮಿಕವಾಗಿ ಸಿಗುವ ಪ್ರಾಚೀನ ಹಾಗೂ ಮಧ್ಯಕಾಲೀನ ಲೋಹವಸ್ತುಗಳನ್ನು, ಅವು ಸಿಕ್ಕ ಸ್ಥಳದ ವಿವರ ಸಮೇತ, ತಾಲ್ಲೂಕು ಮಟ್ಟದಲ್ಲಿ ದಾಖಲಿಸುವ ವ್ಯವಸ್ಥೆ ಮಾಡುವ ಬಗ್ಗೆ.

ಮಾನ್ಯರೇ,

ಹೊಲ ಉಳುವಾಗ, ಮನೆಗೆ ಪಾಯ ತೆಗೆಯುವಾಗ, ಕೆರೆಯ ಹೂಳೆತ್ತುವಾಗ, ಕೃಷಿಹೊಂಡ ತೋಡುವಾಗ ನಮ್ಮ ಜಿಲ್ಲೆಗಳಲ್ಲಿ ಹಳೆಯ ಲೋಹದ ವಸ್ತುಗಳು ಸಿಗುತ್ತಲೇ ಇರುತ್ತವೆ. ತುಕ್ಕು ತಿಂದ ಬಾಣದ ಮೊನೆ, ಹಸಿರುಗಟ್ಟಿದ ತಾಮ್ರದ ಕಾಸು, ಉಗುರಿಗಿಂತ ಚಿಕ್ಕದಾದ ಚಿನ್ನದ ಹಣ, ನಾಲಿಗೆ ಕಳಚಿದ ಗಂಟೆ, ಅಪರೂಪಕ್ಕೆ ಬಳೆಯಲ್ಲಿ ಪೋಣಿಸಿದ ತಾಮ್ರಪಟಗಳು. ಇವುಗಳಲ್ಲಿ ಬಹುಪಾಲು ಯಾವ ಕಡತವನ್ನೂ ಸೇರುವುದಿಲ್ಲ. ಚಿನ್ನ ಅಕ್ಕಸಾಲಿಗರ ಮೂಸೆಗೆ ಹೋಗುತ್ತದೆ. ತಾಮ್ರ, ಕಬ್ಬಿಣ ಗುಜರಿ ಅಂಗಡಿಯ ತಕ್ಕಡಿ ಏರುತ್ತವೆ. ಉಳಿದದ್ದು ದೇವರಕೋಣೆಯ ಡಬ್ಬಿಯಲ್ಲಿ ಕೂತು, ಒಂದು ತಲೆಮಾರು ಕಳೆಯುವಷ್ಟರಲ್ಲಿ ಎಲ್ಲಿಂದ ಬಂತೆಂಬ ನೆನಪೇ ಮನೆಯವರಿಗೆ ಇಲ್ಲವಾಗುತ್ತದೆ. ವಸ್ತು ಹೋಗುವುದಕ್ಕಿಂತ ದೊಡ್ಡ ನಷ್ಟ ಈ ನೆನಪು ಹೋಗುವುದು. ಈ ಮನವಿಯ ಮೂಲ ಮಾತು ಇಷ್ಟೇ: ಸಿಕ್ಕ ವಸ್ತುವನ್ನು ಸರ್ಕಾರ ಇಟ್ಟುಕೊಳ್ಳುವುದು ಬಿಡುವುದು ಆಮೇಲಿನ ವಿಚಾರ, ಎಲ್ಲಿ ಸಿಕ್ಕಿತು ಎಂಬುದನ್ನು ಮೊದಲು ಬರೆದುಕೊಳ್ಳಬೇಕು.

ಹೊಸನಗರ ತಾಲ್ಲೂಕಿನ ನಗರದಲ್ಲಿ ನಡೆದದ್ದು ತಮ್ಮ ಇಲಾಖೆಗೆ ಚೆನ್ನಾಗಿ ಗೊತ್ತು. 2002ರಲ್ಲಿ ಅಲ್ಲಿನ ಅಡಿಕೆ ತೋಟದ ಬತ್ತಿದ ಬಾವಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು, ಸುಮಾರು 160. ಫಿರಂಗಿಯ ಗುಂಡುಗಳಿರಬೇಕೆಂದು ಆಗ ಎಣಿಸಲಾಯಿತು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯದಲ್ಲಿ ಅವು ವರ್ಷಗಟ್ಟಲೆ ಹಾಗೇ ಇದ್ದವು. ಒಳಗೆ ತುಂಬಿದ್ದ ಪುಡಿಯ ಪರೀಕ್ಷೆಯಾದ ಮೇಲೆ ಅವು ಹೈದರ್ ಅಲಿ–ಟಿಪ್ಪು ಕಾಲದ ಯುದ್ಧ ರಾಕೆಟ್‌ಗಳೆಂದು ತಿಳಿಯಿತು. 2018ರಲ್ಲಿ ಇಲಾಖೆಯ ತಂಡ ಮತ್ತೆ ಅದೇ ಬಾವಿಗೆ ಹೋಗಿ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಮೇಲೆ ಬಂದವು. 1763ರಲ್ಲಿ ಹೈದರ್ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ ಊರಿನ ಸೇನಾ ಚರಿತ್ರೆಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರಿಲ್ಲ. ಮೊದಲು ಸಿಕ್ಕದ್ದು ಯಾವ ಬಾವಿಯಲ್ಲಿ ಎಂಬುದು ಗೊತ್ತಿದ್ದರಿಂದಲೇ ಇಲಾಖೆಗೆ ಅಲ್ಲಿಗೆ ಮರಳಿ ಹೋಗಲು ಸಾಧ್ಯವಾಯಿತು. ಆ 160 ಕೊಳವೆಗಳು 2002ರಲ್ಲೇ ಗುಜರಿಗೆ ಹೋಗಿದ್ದರೆ ಇಷ್ಟೂ ಸಂಗತಿ ಆ ಬಾವಿಯ ಕೆಸರಿನಲ್ಲೇ ಉಳಿಯುತ್ತಿತ್ತು. ಈ ವಸ್ತುಗಳು ಮಧ್ಯಕಾಲಕ್ಕಿಂತ ಈಚಿನವು, ನಿಜ. ಆದರೆ ಸ್ಥಳದ ದಾಖಲೆಯ ಬೆಲೆ ಏನೆಂಬುದಕ್ಕೆ ನಮ್ಮ ನೆರೆಯಲ್ಲೇ ಇರುವ ಈ ಉದಾಹರಣೆಯನ್ನು ಬಿಟ್ಟು ಬೇರೆಡೆ ಹುಡುಕಬೇಕಿಲ್ಲ.

ಬೆಂಗಳೂರಿನ ಸಂಗತಿಯೂ ಹೀಗೆಯೇ. ಯಶವಂತಪುರದಲ್ಲಿ 1891ರಲ್ಲಿ, ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ 1965ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ರಾಶಿಗಳು ದೊರೆತವು. ಆಗಸ್ಟಸ್, ಟೈಬೀರಿಯಸ್‌ರಂಥ ಚಕ್ರವರ್ತಿಗಳ ಇಂಥ ನಾಣ್ಯಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಈ ನೆಲದಲ್ಲಿ ಸಿಕ್ಕವೆಂಬ ಒಂದು ಸಾಲಿನಿಂದಾಗಿ ಕೆಂಪೇಗೌಡರಿಗೆ ಸಾವಿರದೈನೂರು ವರ್ಷ ಹಿಂದೆಯೂ ಬೆಂಗಳೂರಿನ ಸೀಮೆಗೆ ದೂರದೇಶದ ಹಣ ಬರುತ್ತಿತ್ತೆಂಬುದು ನಮಗೆ ಗೊತ್ತಾಗಿದೆ. ಆ ಸಾಲಿಲ್ಲದಿದ್ದರೆ ಅವು ಅಂಗಡಿಯಲ್ಲಿ ಕೊಳ್ಳಬಹುದಾದ ಹಳೆ ಬೆಳ್ಳಿ ಅಷ್ಟೆ.

ಸ್ಥಳ ತಿಳಿದರೂ ಸಾಲದು ಎಂಬುದಕ್ಕೆ ನೆರೆಯ ಮಹಾರಾಷ್ಟ್ರದ ದೈಮಾಬಾದ್ ಸಾಕ್ಷಿ. 1974ರಲ್ಲಿ ಅಲ್ಲಿಯ ರೈತರೊಬ್ಬರು ಗಿಡದ ಬುಡ ಅಗೆಯುವಾಗ ಆನೆ, ಖಡ್ಗಮೃಗ, ಕೋಣ ಮತ್ತು ಜೋಡೆತ್ತಿನ ರಥ, ಹೀಗೆ ನಾಲ್ಕು ಭಾರೀ ಕಂಚಿನ ವಿಗ್ರಹಗಳು ಸಿಕ್ಕವು. ಭಾರತದ ಲೋಹಶಿಲ್ಪದ ಚರಿತ್ರೆಯಲ್ಲಿ ಅವಕ್ಕೆ ಸಮನಾದವು ಕಡಿಮೆ. ಸಿಂಧೂ ನಾಗರಿಕತೆಯ ಕೊನೆಗಾಲದವು ಎಂದು ಕೆಲವು ವಿದ್ವಾಂಸರು ಹೇಳಿದರೆ, ಲೋಹದ ಮಿಶ್ರಣವನ್ನು ನೋಡಿ ಅಷ್ಟು ಹಳೆಯವಲ್ಲ ಎಂದವರೂ ಇದ್ದಾರೆ. ವಿಗ್ರಹಗಳ ಜೊತೆಗೆ ಯಾವ ಮಡಕೆ ಚೂರು, ಯಾವ ಮಣ್ಣಿನ ಪದರ ಇತ್ತೆಂಬುದನ್ನು ತೆಗೆಯುವ ಹೊತ್ತಿನಲ್ಲೇ ನೋಡಿಕೊಂಡವರು ಇರಲಿಲ್ಲವಾದ್ದರಿಂದ ಈ ವಾದಕ್ಕೆ ಕೊನೆಯಿಲ್ಲ. ನಮ್ಮ ರಾಯಚೂರು ಸೀಮೆಯ ಕಲ್ಲೂರಿನಲ್ಲಿ ನಿಜಾಮರ ಕಾಲದಲ್ಲಿ ದೊರೆತ, ಹಿಡಿ ಕವಲೊಡೆದ ತಾಮ್ರದ ಕತ್ತಿಗಳನ್ನೂ ಇಲ್ಲಿ ನೆನೆಯಬೇಕು. ಅಂಥ ಕತ್ತಿಗಳು ಹೆಚ್ಚಾಗಿ ಸಿಗುವುದು ಗಂಗಾ–ಯಮುನಾ ಬಯಲಿನಲ್ಲಿ. ಇಷ್ಟು ದಕ್ಷಿಣಕ್ಕೆ ಅವು ಬಂದದ್ದು ಹೇಗೆ? ಕಲ್ಲೂರು ಎಂಬ ಊರ ಹೆಸರು ದಾಖಲಾಗಿದ್ದರಿಂದ ಈ ಪ್ರಶ್ನೆಯನ್ನಾದರೂ ಕೇಳಬಲ್ಲೆವು.

ಕುಡಿಕೆಯಲ್ಲಿ ಒಟ್ಟಾಗಿ ಸಿಗುವ ನಾಣ್ಯಗಳ ಬಗ್ಗೆ ಒಂದು ಮಾತು ಬಿಡಿಸಿ ಹೇಳುವುದು ಅಗತ್ಯ. ಆ ರಾಶಿಯಲ್ಲಿ ಎಲ್ಲಕ್ಕಿಂತ ಹೊಸದಾದ ನಾಣ್ಯ ಯಾವುದೋ, ಅದು ಟಂಕಿಸಿದ ಮೇಲೆಯೇ ಕುಡಿಕೆ ಮಣ್ಣು ಸೇರಿದ್ದು. ಯುದ್ಧವೋ, ಬರವೋ, ಊರು ಬಿಡುವ ಭಯವೋ, ಕಾರಣ ಹುಡುಕಲು ದಾರಿ ಅಲ್ಲಿಂದ ತೆರೆಯುತ್ತದೆ. ಮೂರು ಮನೆಗೆ ಹಂಚಿಹೋದ ರಾಶಿಯಿಂದ ಇದು ತಿಳಿಯದು. ಕುಡಿಕೆಯನ್ನು ಒಡೆದು ಬೇಲಿಯಾಚೆ ಎಸೆಯುತ್ತಾರೆ, ಅದೂ ಕಾಲ ಹೇಳುವ ಸಾಕ್ಷಿಯೇ. ವಿಷ್ಣುವರ್ಧನನ ಚಿನ್ನದ ನಾಣ್ಯಗಳಲ್ಲಿ ತಳಕಾಡುಗೊಂಡ, ನೊಳಂಬವಾಡಿಗೊಂಡ ಎಂಬ ಬಿರುದುಗಳು ಕನ್ನಡ ಅಕ್ಷರಗಳಲ್ಲೇ ಇವೆ. ಕರಗಿಸಿದರೆ ಅದು ಕೆಲವೇ ಗ್ರಾಂ ಚಿನ್ನ. ಕಂಠೀರವ ಹಣವಂತೂ ಅರ್ಧ ಗ್ರಾಂ ಕೂಡ ತೂಗದು. ಇಷ್ಟು ಅಲ್ಪ ಬೆಲೆಗೆ ಇಂಥ ಸಾಕ್ಷ್ಯ ಕರಗಿಹೋಗುತ್ತಿರುವುದು ನಮಗೆ ನಿಜವಾದ ನೋವಿನ ವಿಷಯ.

ಜನ ಯಾಕೆ ತಂದು ತೋರಿಸುವುದಿಲ್ಲ? ಇತಿಹಾಸದ ಬಗ್ಗೆ ಅಸಡ್ಡೆ ಎಂದು ಹೇಳುವುದು ಸುಲಭ, ಆದರೆ ಅದು ಸರಿಯಲ್ಲ. ಭಯ ಕಾರಣ. ನಿಧಿ ಸಿಕ್ಕಿದೆಯೆಂಬ ಸುದ್ದಿ ಹರಡಿದರೆ ಪೊಲೀಸರು ಬರುತ್ತಾರೆ, ಇನ್ನೂ ಎಲ್ಲಿಟ್ಟಿದ್ದೀಯ ಎಂದು ಕೇಳುತ್ತಾರೆ, ಹೊಲದ ಕೆಲಸ ನಿಲ್ಲುತ್ತದೆ, ರಾತ್ರಿ ನಿಧಿಗಳ್ಳರು ಗುದ್ದಲಿ ಹಿಡಿದು ಬರುತ್ತಾರೆ. ನಿಧಿಗೆ ಸರ್ಪದ ಕಾವಲು, ಮುಟ್ಟಿದರೆ ಮನೆಗೆ ಕೇಡು ಎಂಬ ನಂಬಿಕೆಯೂ ಇನ್ನೂ ಇದೆ. ಕಾನೂನಿನ ಸ್ವರೂಪವೂ ಈ ಭಯವನ್ನು ಕಳೆಯುವಂತಿಲ್ಲ. ಬ್ರಿಟಿಷರ 1878ರ ನಿಧಿ ಕಾಯ್ದೆ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ನೆಲದಲ್ಲಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದಿತು. ಅಲ್ಲಿ ಅಳತೆಗೋಲು ಬೆಲೆ, ಚರಿತ್ರೆಯಲ್ಲ. ನಮ್ಮ ರಾಜ್ಯಕ್ಕೆ 1962ರ ನಿಧಿ ಅಧಿನಿಯಮವಿದೆ, 1961ರ ಪ್ರಾಚೀನ ಸ್ಮಾರಕಗಳ ಅಧಿನಿಯಮವೂ ಇದೆ. ಕೇಂದ್ರದ 1972ರ ಪುರಾವಸ್ತು ಅಧಿನಿಯಮದಡಿ ನೋಂದಣಿ ನಡೆಯುವುದು ಮುಖ್ಯವಾಗಿ ಶಿಲ್ಪ, ಚಿತ್ರ, ಹಸ್ತಪ್ರತಿಗಳಿಗೆ. ಒಂಟಿ ತಾಮ್ರದ ಕಾಸು, ಮುರಿದ ಬಾಣದ ಮೊನೆ, ಕಬ್ಬಿಣದ ಕಿಟ್ಟ ಇವನ್ನು ಹಿಡಿದುಕೊಂಡು ಬಂದ ರೈತನಿಗೆ ಯಾವ ಬಾಗಿಲು ಎಂಬುದು ಇಂದಿಗೂ ಸ್ಪಷ್ಟವಿಲ್ಲ. ಹಳ್ಳೂರು, ಬ್ರಹ್ಮಗಿರಿಗಳಲ್ಲಿ ಸಿಕ್ಕ ಕಬ್ಬಿಣದಿಂದ ದಕ್ಷಿಣ ಭಾರತದ ಲೋಹಯುಗದ ಚರಿತ್ರೆಯನ್ನು ಬರೆದ ನಾಡು ನಮ್ಮದು. ಗಟ್ಟಿಹೊಸಹಳ್ಳಿಯಲ್ಲಿ ಉಕ್ಕು ಕರಗಿಸಿದ ಮೂಸೆಗಳ ಚೂರುಗಳಿವೆ. ಇಂಥ ನೆಲದಲ್ಲಿ ಬೆಲೆಯಿಲ್ಲದ ಕಬ್ಬಿಣವೇ ಹೆಚ್ಚು ಮಾತಾಡುತ್ತದೆ.

ನಾವು ಕೇಳುತ್ತಿರುವುದು ಈ ನಾಡಿಗೆ ಹೊಸದಲ್ಲ. 1885ರಲ್ಲಿ ಆರಂಭವಾದ ಮೈಸೂರು ಪುರಾತತ್ವ ಇಲಾಖೆ ಬಿ.ಎಲ್. ರೈಸ್, ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣರಂಥವರ ಕಾಲದಲ್ಲಿ ಹಳ್ಳಿಹಳ್ಳಿ ಸುತ್ತಿ ಶಾಸನಗಳನ್ನು ದಾಖಲಿಸಿತು. ಅದರ ವಾರ್ಷಿಕ ವರದಿಗಳಲ್ಲಿ ತಾಮ್ರಪಟಗಳಿಗೂ ನಾಣ್ಯಗಳಿಗೂ ಜಾಗವಿತ್ತು. ಆ ಕೆಲಸ ಮತ್ತೆ ನಡೆಯಬೇಕು, ಈ ಬಾರಿ ಜನರೇ ಮುಂದೆ ಬಂದು ತೋರಿಸುವಂತೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1997ರಿಂದ ಇಂಥ ಒಂದು ಯೋಜನೆ ನಡೆಯುತ್ತಿದೆ. ಬ್ರಿಟಿಷ್ ಮ್ಯೂಸಿಯಂ ಅದನ್ನು ನಡೆಸುತ್ತದೆ, ಜಿಲ್ಲೆಗಳಲ್ಲಿ ಅದಕ್ಕೆಂದೇ ಅಧಿಕಾರಿಗಳಿದ್ದಾರೆ. ಜನ ತಾವಾಗಿ ತಂದು ತೋರಿಸಿದ ವಸ್ತುವನ್ನು ದಾಖಲಿಸಿ, ಕಾನೂನಿನ ಪ್ರಕಾರ ನಿಧಿ ಎನಿಸದಿದ್ದರೆ, ಮರಳಿ ಕೊಡುತ್ತಾರೆ. ಹದಿನೈದು ಲಕ್ಷಕ್ಕೂ ಹೆಚ್ಚು ವಸ್ತುಗಳು ಹೀಗೆ ದಾಖಲಾಗಿವೆ. ಅಲ್ಲಿ ಲೋಹಶೋಧಕ ಯಂತ್ರ ಹಿಡಿದು ಹೊಲ ಸುತ್ತುವುದು ಒಂದು ಹವ್ಯಾಸ. ಅದನ್ನು ಇಲ್ಲಿ ತರಬಾರದೆಂದು ನಾವು ಒತ್ತಿ ಹೇಳುತ್ತೇವೆ. ನಿಧಿಯಾಸೆಗೆ ನಂದಿಯ ವಿಗ್ರಹವನ್ನೂ ಗರ್ಭಗುಡಿಯ ನೆಲವನ್ನೂ ಒಡೆಯುವವರಿರುವ ನಾಡಿನಲ್ಲಿ ಅದು ಅನಾಹುತಕ್ಕೆ ದಾರಿ. ನಮಗೆ ಬೇಕಾದುದು ಅವರ ದಾಖಲೆಯ ಪದ್ಧತಿ ಮಾತ್ರ.

ಆದ್ದರಿಂದ ನಮ್ಮ ಬೇಡಿಕೆಗಳು ಇವು.

ಮೊದಲನೆಯದಾಗಿ, ಪ್ರತಿ ತಾಲ್ಲೂಕಿಗೂ ಒಬ್ಬ ದಾಖಲೆಗಾರರನ್ನು ಗುರುತಿಸಬೇಕು. ಹೊಸ ಕಚೇರಿ ಬೇಡ. ಸರ್ಕಾರಿ ಪದವಿ ಕಾಲೇಜಿನ ಇತಿಹಾಸ ಅಧ್ಯಾಪಕರಿಗೆ ಇಲಾಖೆಯೇ ತರಬೇತಿ ಕೊಟ್ಟು, ತಕ್ಕಡಿ, ಅಳತೆಪಟ್ಟಿ, ಮುದ್ರಿತ ನಮೂನೆ ಒದಗಿಸಿದರೆ ಸಾಕು. ಸಂತೆಯ ದಿನ ಅವರು ನಿಗದಿತ ಜಾಗದಲ್ಲಿ ಕೂರಲಿ, ಅಂದು ಹಳ್ಳಿಯವರು ಹೇಗೂ ಪೇಟೆಗೆ ಬರುತ್ತಾರೆ. ವಸ್ತುವಿನ ಎರಡೂ ಬದಿಯ ಚಿತ್ರ, ತೂಕ, ಅಳತೆ, ಊರು, ಸರ್ವೆ ನಂಬರು, ಮೊಬೈಲಿನಲ್ಲಿ ತೋರುವ ಅಕ್ಷಾಂಶ ರೇಖಾಂಶ, ಎಷ್ಟು ಆಳದಲ್ಲಿ ಸಿಕ್ಕಿತು, ಜೊತೆಗೆ ಮಡಕೆ ಚೂರು, ಮೂಳೆ, ಬೂದಿ, ಇಟ್ಟಿಗೆ ಏನಿತ್ತು ಎಂಬುದೆಲ್ಲ ನಮೂನೆಯಲ್ಲಿರಬೇಕು. ಹೊರಗಿನವರಿಗೆ ಹೊಳೆಯದ ಇನ್ನೊಂದು ಪ್ರಶ್ನೆಯನ್ನೂ ಸೇರಿಸಬೇಕೆಂದು ರೈತರಾಗಿ ಕೋರುತ್ತೇವೆ: ಆ ಹೊಲಕ್ಕೆ ಕೆರೆಯ ಹೂಳನ್ನೋ ಹಾಳೂರಿನ ಮಣ್ಣನ್ನೋ ಗೊಬ್ಬರವಾಗಿ ಹೊಡೆದಿದ್ದರೇ? ಹೊಡೆದಿದ್ದರೆ ನಾಣ್ಯದ ನಿಜವಾದ ಜಾಗ ಆ ಹೊಲವಲ್ಲ, ಆ ಕೆರೆ ಅಥವಾ ಆ ಹಾಳೂರು. ಇದನ್ನು ಕೇಳದೆ ಬರೆದ ನಕ್ಷೆ ತಪ್ಪುದಾರಿ ತೋರಿಸುತ್ತದೆ. ದಾಖಲಿಸಿದ ದಿನವೇ ಸಂಖ್ಯೆ ಸಮೇತ ರಸೀದಿ ಕೊಡಬೇಕು.

ಎರಡನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಆಕಸ್ಮಿಕವಾಗಿ ಸಿಕ್ಕದ್ದನ್ನು ತಾವಾಗಿ ತಂದು ತೋರಿಸಿದವರನ್ನು ಸಂಶಯದಿಂದ ಕಾಣಕೂಡದೆಂದು ಕಂದಾಯ ಮತ್ತು ಪೊಲೀಸ್ ಇಲಾಖೆಗಳೊಡನೆ ಸೇರಿ ಸರ್ಕಾರಿ ಆದೇಶ ಹೊರಡಿಸಬೇಕು. ನಮ್ಮ ರಸೀದಿಯೇ ನಮಗೆ ರಕ್ಷಣೆಯಾಗಬೇಕು. ನಿಧಿ ಎನಿಸುವ ರಾಶಿ ಸಿಕ್ಕಾಗ ಕಾನೂನಿನ ಕ್ರಮ ನಡೆಯಲಿ, ಅದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಸಲ್ಲಬೇಕಾದ ಬಹುಮಾನಕ್ಕೆ ಕಾಲಮಿತಿ ಗೊತ್ತುಮಾಡಬೇಕು. ಬಿಡಿ ನಾಣ್ಯ, ಆಯುಧದ ಚೂರುಗಳಂಥವನ್ನು ದಾಖಲಿಸಿ ಸಿಕ್ಕವರ ಬಳಿಯೇ ಬಿಡಲು ಕಾನೂನಿನಲ್ಲಿ ಎಷ್ಟು ಅವಕಾಶವಿದೆ ಎಂಬುದನ್ನು ಇಲಾಖೆ ಲಿಖಿತವಾಗಿ ತಿಳಿಸಬೇಕು, ಅವಕಾಶವಿಲ್ಲದಿದ್ದರೆ ನಿಯಮ ತಿದ್ದುಪಡಿಗೆ ಶಿಫಾರಸು ಮಾಡಬೇಕು. ಅಕ್ಕಸಾಲಿಗರು ಮತ್ತು ಗುಜರಿಯವರು ಕರಗಿಸುವ ಮೊದಲು ತೋರಿಸಿದರೆ ಅವರಿಗೂ ಇದೇ ರಕ್ಷಣೆ ಸಿಗಲಿ.

ಸರ್ವೆ ನಂಬರು, ಅಕ್ಷಾಂಶಗಳು ಇಲಾಖೆಯ ಕೈಯಲ್ಲೇ ಇರಬೇಕು. ಸಾರ್ವಜನಿಕರ ಪಟ್ಟಿಯಲ್ಲಿ ಹೋಬಳಿಯ ಹೆಸರು ಸಾಕು. ಇಲ್ಲವಾದರೆ ನಾವು ಬರೆಸಿದ ದಾಖಲೆಯೇ ನಿಧಿಗಳ್ಳರಿಗೆ ಕೈಮರವಾಗುತ್ತದೆ.

ಕೆರೆ ಹೂಳೆತ್ತುವ, ರಸ್ತೆ ಅಗಲಿಸುವ, ಕುಡಿಯುವ ನೀರಿನ ಪೈಪು ಹಾಕುವ ಕಾಮಗಾರಿಗಳ ಗುತ್ತಿಗೆ ಷರತ್ತುಗಳಲ್ಲಿ, ಹಳೆಯ ವಸ್ತು ಕಂಡರೆ ಜೆಸಿಬಿ ನಿಲ್ಲಿಸಿ ತಿಳಿಸುವುದು ಸೇರಬೇಕು. ಹುಣಸೆಹಣ್ಣು, ಇಟ್ಟಿಗೆ ಪುಡಿ, ಆಸಿಡ್ ಹಾಕಿ ತಿಕ್ಕಬಾರದೆಂಬ ಸೂಚನೆಯ ಭಿತ್ತಿಪತ್ರ ಪ್ರತಿ ಪಂಚಾಯಿತಿಯಲ್ಲೂ ಶಾಲೆಯಲ್ಲೂ ಇರಬೇಕು. ತಿಕ್ಕಿದ ನಾಣ್ಯದಲ್ಲಿ ಅಕ್ಷರ ಹೋಗುತ್ತದೆ. ಕಬ್ಬಿಣದ ತುಕ್ಕಿನಲ್ಲಿ ಕೊಳೆತ ಮರದ ಹಿಡಿಯ, ಬಟ್ಟೆಯ ಗುರುತು ಉಳಿದಿರುತ್ತದೆ, ಅದೂ ಹೋಗುತ್ತದೆ.

ಕೊನೆಯದಾಗಿ, ದಾಖಲಾದ ವಸ್ತುಗಳ ವಾರ್ಷಿಕ ವರದಿ ಕನ್ನಡದಲ್ಲಿ ಬರಬೇಕು. ಅದರ ಪ್ರತಿ ವಸ್ತು ಸಿಕ್ಕ ಊರಿನ ಪಂಚಾಯಿತಿಗೂ ಶಾಲೆಗೂ ತಲುಪಬೇಕು. ಒಪ್ಪಿಗೆ ಕೊಟ್ಟವರ ಹೆಸರನ್ನು ಅದರಲ್ಲಿ ಅಚ್ಚು ಹಾಕಬೇಕು. ಕಂಡವರ ಹೆಸರಿಗೆ ಸಲ್ಲುವ ಮರ್ಯಾದೆ ಯಾವ ಬಹುಮಾನಕ್ಕೂ ಕಡಿಮೆಯಲ್ಲ.

ಇಡೀ ರಾಜ್ಯದಲ್ಲಿ ಒಮ್ಮೆಲೇ ಆರಂಭಿಸುವುದು ಕಷ್ಟವೆಂಬುದನ್ನು ಬಲ್ಲೆವು. ಹೊಸನಗರ, ಹಿರೇಕೆರೂರು, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಬಹುದು. ಈ ಮೂರು ಕಡೆ ಶಾಲೆ, ಕಾಲೇಜು, ಪಂಚಾಯಿತಿಗಳೊಡನೆ ಓಡಾಡಿ ಜನರನ್ನು ಒಪ್ಪಿಸುವ ಹೊಣೆಯನ್ನು ಸಹಿ ಮಾಡಿರುವ ನಾವು ಸಂಬಳವಿಲ್ಲದೆ ಹೊರುತ್ತೇವೆ. ಮೊದಲ ಮಳೆಗೆ ನೇಗಿಲು ಇಳಿದಾಗಲೇ ಹೆಚ್ಚಿನ ವಸ್ತುಗಳು ಮೇಲೆ ಬರುವುದರಿಂದ, ಬರುವ ಮುಂಗಾರಿನ ಉಳುಮೆಗೆ ಮುಂಚೆ ಆದೇಶವಾಗಬೇಕೆಂದೂ, ಅದಕ್ಕೂ ಮೊದಲು ನಮ್ಮ ಪ್ರತಿನಿಧಿಗಳಿಗೆ ತಮ್ಮನ್ನು ಕಂಡು ಮಾತಾಡಲು ಒಂದು ದಿನ ಗೊತ್ತುಮಾಡಬೇಕೆಂದೂ ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
(ಸಹಿದಾರರ ಪಟ್ಟಿ ಲಗತ್ತಿಸಿದೆ)

ಪ್ರತಿಗಳು: ಶಿವಮೊಗ್ಗ, ಹಾವೇರಿ ಮತ್ತು ಚಿತ್ರದುರ್ಗ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ, ಸೂಕ್ತ ಕ್ರಮಕ್ಕಾಗಿ.