ಅ ಆ ಕಲಿಸುವ ವಿಮಾನ

ಎಮ್ಮೆದೊಡ್ಡಿಯ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದ ಕಾಲದಲ್ಲಿ ನನ್ನ ಬಳಿ ಅಂಚೆಚೀಟಿಗಳ ಒಂದು ಹಳೆಯ ಆಲ್ಬಂ ಇತ್ತು. ಭೂಪಟ ಬಿಚ್ಚಿದೊಡನೆ ತೂಕಡಿಸಲಾರಂಭಿಸುತ್ತಿದ್ದ ಮಕ್ಕಳು ಆಲ್ಬಂ ಬಿಚ್ಚಿದರೆ ಎದ್ದು ಮೇಜಿನ ಸುತ್ತ ನೆರೆಯುತ್ತಿದ್ದರು. ಅದರಲ್ಲಿ 'ಪೋಸ್ತಾ ರೊಮಾನಾ' ಎಂಬ ಅಕ್ಷರಗಳಿದ್ದ ಒಂದು ಚೀಟಿ. ಅದರ ಮೇಲೆ ಒಂದರ ಮೇಲೊಂದು ರೆಕ್ಕೆಯಿದ್ದ ಪುಟ್ಟ ವಿಮಾನ. ಅದರಲ್ಲಿ ಹಿಂದುಮುಂದಾಗಿ ಕುಳಿತ ಎರಡು ತಲೆಗಳು. ಇದು ವಿಮಾನ ನಡೆಸಲು ಕಲಿಸುವ ವಿಮಾನವಿರಬೇಕು ಎಂದು ನಾನು ಹೇಳಿದೆ. ಕೂಡಲೇ ಒಬ್ಬ ಹುಡುಗ ಕೇಳಿದ: "ಹಂಗಾದ್ರೆ ಇಬ್ಬರಲ್ಲಿ ಮೇಷ್ಟ್ರು ಯಾರು ಸಾರ್?"

ನನಗೆ ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ಧೈರ್ಯವೂ ಆ ವಯಸ್ಸಿನಲ್ಲಿ ಇರಲಿಲ್ಲ. "ಹಿಂದೆ ಕೂತವರು ಕಣಪ್ಪ. ಪರೀಕ್ಷೆಯಲ್ಲಿ ನಾನು ನಿಮ್ಮ ಬೆನ್ನ ಹಿಂದೆ ನಿಲ್ಲುವುದಿಲ್ಲವೇ, ಹಾಗೆ" ಎಂದುಬಿಟ್ಟೆ. ಮಕ್ಕಳು ನಕ್ಕರು, ಗಂಟೆ ಬಾರಿಸಿತು, ನಾನು ಬಚಾವಾದೆ.

ನಿವೃತ್ತಿಯ ನಂತರ, ಓದಲು ಬೇಕಾದಷ್ಟು ಹೊತ್ತು ದೊರೆತ ಮೇಲೆ, ಆ ಚೀಟಿಯ ಜಾಡು ಹಿಡಿದು ಹೊರಟೆ. ರೊಮಾನಿಯಾ ಮೊದಲ ಮಹಾಯುದ್ಧದ ನಂತರ ಹಿಗ್ಗಿದ ರಾಜ್ಯ. ಬಹುಪಾಲು ಜನ ರೈತರು. ಗೋಧಿ, ಮೆಕ್ಕೆಜೋಳ ಮತ್ತು ತೈಲ ಅದರ ಸಂಪತ್ತು. ಫ್ರಾನ್ಸಿನಂತೆಯೋ ಇಂಗ್ಲೆಂಡಿನಂತೆಯೋ ಕೈಗಾರಿಕೆ ಬೆಳೆದ ದೇಶವಲ್ಲ. ಆದರೂ 1923ರಲ್ಲಿ ರಾಜಧಾನಿ ಬುಕಾರೆಸ್ಟಿನಲ್ಲಿ ಗ್ರಿಗೊರೆ ಜಂಫಿರೆಸ್ಕು ಎಂಬ ಎಂಜಿನಿಯರ್ 'ಸೆಟ್' ಎಂಬ ವಿಮಾನ ಕಾರ್ಖಾನೆ ತೆರೆದನು. 1925ರಲ್ಲಿ ಬ್ರಾಷೋವ್ ಪಟ್ಟಣದಲ್ಲಿ 'ಐ.ಎ.ಆರ್.' ಎಂಬ ಇನ್ನೊಂದು ದೊಡ್ಡ ಕಾರ್ಖಾನೆ ಎದ್ದಿತು. ಸೆಟ್ ಕಾರ್ಖಾನೆಯಿಂದ ಹೊರಬಂದವುಗಳಲ್ಲಿ ಹೆಚ್ಚಿನವು ಎರಡು ರೆಕ್ಕೆಯ ಕಲಿಕೆಯ ವಿಮಾನಗಳೇ. ಎಲ್ಲವನ್ನೂ ತಾವೇ ರೂಪಿಸಬೇಕೆಂಬ ಹಟವೂ ಅವರಿಗಿರಲಿಲ್ಲ. ಮೂವತ್ತರ ದಶಕದಲ್ಲಿ ಅಮೆರಿಕದ 'ಫ್ಲೀಟ್' ಎಂಬ ಎರಡು ರೆಕ್ಕೆಯ ವಿಮಾನದ ಪರವಾನಗಿ ಪಡೆದು, ತಮ್ಮ ಕಾರ್ಖಾನೆಗಳಲ್ಲೇ ಅದನ್ನು ಕಟ್ಟಿ, ತಮ್ಮ ಹುಡುಗರನ್ನು ಅದರಲ್ಲಿ ಕೂರಿಸಿದರು. ಬ್ರಾಷೋವಿನವರು ಐ.ಎ.ಆರ್. 37, 38, 39 ಎಂಬ ಮೂರು ಜನ ಕೂರುವ, ಎರಡು ರೆಕ್ಕೆಯ ಸೇನಾವಿಮಾನಗಳನ್ನು ಮಾಡಿದರು. 1939ರಲ್ಲಿ ಅದೇ ಕಾರ್ಖಾನೆಯಿಂದ ಐ.ಎ.ಆರ್. 80 ಎಂಬ ಒಂಟಿ ರೆಕ್ಕೆಯ ಯುದ್ಧವಿಮಾನವೂ ಹಾರಿತು. ಆ ದೇಶ ಮುಂದೆ ಎರಡನೆಯ ಯುದ್ಧದಲ್ಲಿ ಯಾರ ಜೊತೆ ಸೇರಿ ಏನೇನು ಮಾಡಿತು ಎಂಬುದು ಹೊಗಳುವ ಕಥೆಯಲ್ಲ, ಅದನ್ನು ಬಿಡೋಣ. ನನ್ನ ಗಮನ ಸೆಳೆದದ್ದು ಕ್ರಮ: ಮೊದಲು ಕಲಿಸುವ ವಿಮಾನ, ಆಮೇಲೆ ಕಾದಾಡುವ ವಿಮಾನ.

ಅದೇ ಕಾಲದಲ್ಲಿ ನಮ್ಮಲ್ಲಿ ಏನಿತ್ತು? ಭಾರತೀಯ ವಾಯುಪಡೆ 1932ರ ಅಕ್ಟೋಬರ್ 8ರಂದು ಕಾಗದದ ಮೇಲೆ ಹುಟ್ಟಿತು. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಅದರ ಮೊದಲ ಸ್ಕ್ವಾಡ್ರನ್ ನಿಂತಾಗ ಇದ್ದದ್ದು ನಾಲ್ಕು 'ವಾಪಿಟಿ' ವಿಮಾನಗಳು, ಅವೂ ಎರಡು ರೆಕ್ಕೆಯವು. ಇಂಗ್ಲೆಂಡಿನ ಕ್ರಾನ್‌ವೆಲ್‌ನಲ್ಲಿ ಕಲಿತು ಬಂದ ಬೆರಳೆಣಿಕೆಯ ಭಾರತೀಯ ಪೈಲಟ್‌ಗಳು. ವಿಮಾನ ಹಡಗಿನಲ್ಲಿ ಬರಬೇಕು, ವಿದ್ಯೆ ಕಲಿಯಲು ಹಡಗಿನಲ್ಲಿ ಹೋಗಬೇಕು! ಯುದ್ಧ ಹತ್ತಿರ ಬಂದ ಮೇಲೆ ಹೈದರಾಬಾದಿನ ಬೇಗಂಪೇಟೆಯಲ್ಲಿಯೂ ಜೋಧಪುರದಲ್ಲಿಯೂ ಪ್ರಾಥಮಿಕ ಹಾರಾಟದ ಶಾಲೆಗಳು ತೆರೆದುಕೊಂಡವು. ಅಲ್ಲಿ ಸಾವಿರಾರು ಹುಡುಗರಿಗೆ ಆಕಾಶದ ಅ ಆ ತಿದ್ದಿಸಿದ್ದು 'ಟೈಗರ್ ಮಾತ್'.

ಈ ಟೈಗರ್ ಮಾತ್ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳುತ್ತೇನೆ, ಓದುಗರು ಸಹಿಸಬೇಕು. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿಯ ಈ ವಿಮಾನ ಮೊದಲು ಹಾರಿದ್ದು 1931ರಲ್ಲಿ. ರೆಕ್ಕೆಗಳಿಗೆ ಮರದ ಚೌಕಟ್ಟು, ಅದರ ಮೇಲೆ ಬಿಗಿದು ಬಣ್ಣ ಬಳಿದ ಬಟ್ಟೆ. ಒಡಲಿಗೆ ಉಕ್ಕಿನ ಕೊಳವೆಗಳು. 130 ಅಶ್ವಶಕ್ತಿಯ ಎಂಜಿನ್. ಎರಡು ರೆಕ್ಕೆ ಏಕೆಂದರೆ, ಆ ಕಾಲದ ತೆಳುವಾದ ಹಗುರ ರೆಕ್ಕೆ ಒಂಟಿಯಾಗಿ ಭಾರ ತಡೆಯುತ್ತಿರಲಿಲ್ಲ. ಮೇಲೊಂದು ಕೆಳಗೊಂದು ಇಟ್ಟು, ನಡುವೆ ಕಂಬ ಕೊಟ್ಟು, ಮೂಲೆಯಿಂದ ಮೂಲೆಗೆ ತಂತಿ ಎಳೆದರೆ ಇಡೀ ರಚನೆ ಒಂದು ಪೆಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಚಪ್ಪರ ಹಾಕುವವರು ಕಂಬದಿಂದ ಕಂಬಕ್ಕೆ ಓರೆಯಾಗಿ ಗಳು ಕಟ್ಟುವುದಿಲ್ಲವೇ, ಅದೇ ಉಪಾಯ. ಆದರೆ ಕಂಬವೂ ತಂತಿಯೂ ಗಾಳಿಗೆ ಅಡ್ಡ ನಿಲ್ಲುವುದರಿಂದ ವೇಗ ಕಡಿಮೆ: ಗಂಟೆಗೆ ಸುಮಾರು 170 ಕಿಲೋಮೀಟರ್ ದಾಟುತ್ತಿರಲಿಲ್ಲ. ಯುದ್ಧಕ್ಕೆ ಇದು ದೋಷ, ಪಾಠಕ್ಕೆ ಗುಣ. ನಿಧಾನವಾಗಿ ಇಳಿಯುತ್ತದೆ, ಬಟ್ಟೆ ಹರಿದರೆ ಹೊಲಿಯಬಹುದು, ಮರ ಮುರಿದರೆ ಬೆಸೆಯಬಹುದು. ಅದನ್ನು ಹಾರಿಸುವುದು ಸುಲಭ, ಚೆನ್ನಾಗಿ ಹಾರಿಸುವುದು ಕಷ್ಟ ಎಂದು ಅದರಲ್ಲಿ ಕಲಿತವರು ಹೇಳುತ್ತಾರೆ. ಹುಡುಗ ಮಾಡಿದ ತಪ್ಪನ್ನು ಮುಚ್ಚದೆ ತೋರಿಸುತ್ತದೆ, ತೋರಿಸಿದರೂ ಕೊಲ್ಲುವುದಿಲ್ಲ. ಒಳ್ಳೆಯ ಪ್ರಾಥಮಿಕ ಶಾಲೆಯ ಮೇಷ್ಟರಿಗೆ ಇರಬೇಕಾದ ಗುಣವೂ ಇದೇ ತಾನೆ?

ಎಂಜಿನ್ನಿನ ಅಬ್ಬರದಲ್ಲಿ ಗುರುವಿನ ಮಾತು ಕೇಳುವುದು ಹೇಗೆ? ಒಂದು ಕೊಳವೆ. ಅದರ ಈ ತುದಿಗೆ ಬಾಯಿಟ್ಟು ಮಾತನಾಡಿದರೆ ಆ ತುದಿಯಲ್ಲಿ ಶಿಷ್ಯನ ಕಿವಿಗೆ ಮುಟ್ಟುತ್ತದೆ. ಎಷ್ಟು ಬೈಗುಳ ಹರಿದಿರಬಹುದು ಆ ಕೊಳವೆಯಲ್ಲಿ ಎಂದು ಯೋಚಿಸಿದರೆ ನನಗೆ ಈಗಲೂ ನಗು ಬರುತ್ತದೆ.

ಇನ್ನು ನಮ್ಮ ಮೈಸೂರಿನ ಮಾತು. ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟವಿಳಿದು ಭದ್ರಾವತಿಯಲ್ಲಿ ಕರಗುತ್ತಿದ್ದುದನ್ನು ನಮ್ಮ ತರೀಕೆರೆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಬ್ಬಿಣದ ಕಾರ್ಖಾನೆ ನಡೆಸಿದ ಅದೇ ಸಂಸ್ಥಾನ, ವಾಲ್‌ಚಂದ್ ಹೀರಾಚಂದರು ವಿಮಾನದ ಕಾರ್ಖಾನೆ ಕಟ್ಟುತ್ತೇನೆಂದಾಗ ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಮೂಲಕ ನೆಲವನ್ನೂ ಕೊಟ್ಟು ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. 1941ರ ಆಗಸ್ಟಿನಲ್ಲಿ ಅಲ್ಲಿ ಜೋಡಿಸಿ ಹಾರಿಸಿದ ಮೊದಲ ವಿಮಾನ 'ಹಾರ್ಲೋ'. ಬಿಡಿಭಾಗಗಳು ಅಮೆರಿಕದವು, ರೆಕ್ಕೆ ಒಂದೇ. ಆದರೆ ಗಮನಿಸಿ, ಅದೂ ಕಲಿಕೆಯ ವಿಮಾನ.

ಹತ್ತು ವರ್ಷಗಳ ನಂತರ ನಿಜವಾದ ಪವಾಡ ನಡೆಯಿತು. ವಿಷ್ಣು ಮಾಧವ ಘಾಟಗೆ ಎಂಬುವರು ಜರ್ಮನಿಯ ಗಟ್ಟಿಂಗೆನ್‌ನಲ್ಲಿ, ವಾಯುಬಲ ವಿಜ್ಞಾನದ ಮಹಾಗುರು ಪ್ರಾಂಟ್ಲ್‌ರ ಬಳಿ ಕಲಿತು ಬಂದಿದ್ದವರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪಾಠವನ್ನೂ ಹೇಳಿದವರು. ಅವರೂ ಅವರ ಬಳಗವೂ ರೂಪಿಸಿದ ಎಚ್.ಟಿ. 2 ಎಂಬ ವಿಮಾನ 1951ರ ಆಗಸ್ಟಿನಲ್ಲಿ ಬೆಂಗಳೂರಿನ ಆಕಾಶಕ್ಕೆ ಏರಿತು. ಸ್ವತಂತ್ರ ಭಾರತ ತಾನೇ ರೂಪಿಸಿ ಕಟ್ಟಿದ ಮೊದಲ ವಿಮಾನ ಬಾಂಬು ಹಾಕುವಂಥದಲ್ಲ, ಪಾಠ ಹೇಳುವಂಥದು. ಒಂಟಿ ರೆಕ್ಕೆಯ, ಲೋಹದ ಈ ಎಚ್.ಟಿ. 2 ಬಂದು ಟೈಗರ್ ಮಾತ್‌ಗಳ ಕೆಲಸವನ್ನು ವಹಿಸಿಕೊಂಡಿತು. ನೂರೈವತ್ತಕ್ಕೂ ಮಿಕ್ಕಿ ಕಟ್ಟಿದರು. ಘಾನಾ ದೇಶ ಹೊಸದಾಗಿ ವಾಯುಪಡೆ ಕಟ್ಟಿದಾಗ ಅಲ್ಲಿಗೂ ಹನ್ನೆರಡು ಹೋದವು. ಮೂರು ದಶಕಗಳಿಗೂ ಹೆಚ್ಚು ಕಾಲ ನಮ್ಮ ಪೈಲಟ್‌ಗಳು ಅದರಲ್ಲಿ ಅಕ್ಷರ ಕಲಿತರು.

ಆಮೇಲೆ? ಆಮೇಲೆ ನಾವು ಮೇಷ್ಟರನ್ನು ಮರೆತೆವು. ನನ್ನ ತಕರಾರು ಇರುವುದು ಇಲ್ಲಿಯೇ. ಬೆಂಗಳೂರಿನ ವಿಮಾನ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವರು ನೋಡಿರುತ್ತಾರೆ: 'ಮಾರುತ್' ಯುದ್ಧವಿಮಾನದ ಮುಂದೆ ನಿಂತು ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ. ಆದರೆ ಸರ್ಕಾರದ ಖಜಾನೆಯೂ ಪತ್ರಿಕೆಗಳ ಮುಖಪುಟವೂ ಹಾಗೆಯೇ ಯುದ್ಧವಿಮಾನದ ಮುಂದೆಯೇ ನಿಂತುಬಿಟ್ಟರೆ ಆಗುವುದೇನು? ಎಚ್.ಟಿ. 2ರ ಜಾಗಕ್ಕೆ ಎಂಬತ್ತರ ದಶಕದಲ್ಲಿ ಎಚ್.ಪಿ.ಟಿ. 32 'ದೀಪಕ್' ಬಂತು. ಹಾರುತ್ತಿರುವಾಗ ಅದರ ಎಂಜಿನ್ ನಿಲ್ಲುವ ತೊಂದರೆ ಮತ್ತೆ ಮತ್ತೆ ಕಾಣಿಸಿಕೊಂಡಿತು. ಎಂಜಿನ್ ನಿಂತರೆ ತೇಲಿಕೊಂಡು ಇಳಿಯುವ ಗುಣವೂ ಅದಕ್ಕೆ ಸಾಲದು. ಹತ್ತಕ್ಕೂ ಹೆಚ್ಚು ಅಪಘಾತಗಳಾದವು. 2009ರ ಜುಲೈ 31ರಂದು ಹೈದರಾಬಾದಿನ ಬಳಿ ಇಬ್ಬರು ಪೈಲಟ್‌ಗಳು ಸತ್ತ ಮೇಲೆ ಎಲ್ಲ ದೀಪಕ್‌ಗಳನ್ನೂ ನೆಲಕ್ಕೆ ಇಳಿಸಲಾಯಿತು. ಬದಲಿಗೆ ಬೇರೊಂದು ವಿಮಾನ ಸಿದ್ಧವಿರಲಿಲ್ಲ. ಎರಡನೆಯ ಹಂತಕ್ಕೆಂದು ಇದ್ದ 'ಕಿರಣ್' ಜೆಟ್ ವಿಮಾನಗಳಲ್ಲಿಯೇ ಹೊಸಬರಿಗೆ ಮೊದಲ ಪಾಠ ಶುರುವಾಯಿತು. ಒಂದನೆಯ ತರಗತಿಯ ಮೇಷ್ಟರಿಲ್ಲವೆಂದು ಮಗುವನ್ನು ಎತ್ತಿ ಐದನೆಯ ತರಗತಿಯಲ್ಲಿ ಕೂರಿಸಿದಂತೆ. ನಮ್ಮ ಹಳ್ಳಿಗಳಲ್ಲಿ ಅದನ್ನೂ ಮಾಡಿದ್ದಾರೆ, ಅದರ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ.

2013ರಿಂದ ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನಗಳು ಬಂದವು, ಒಟ್ಟು 75. ಕೊಂಡದ್ದು ತಪ್ಪೆಂದು ನಾನು ಹೇಳುವುದಿಲ್ಲ. ಹುಡುಗರ ಜೀವದ ಪ್ರಶ್ನೆ ಬಂದಾಗ ಸ್ವದೇಶಿಯ ಹೆಸರಿನಲ್ಲಿ ಹಟ ಹಿಡಿಯುವುದು ಮೂರ್ಖತನ, ರೊಮಾನಿಯಾದವರೂ ಅಮೆರಿಕದ ನಕ್ಷೆಯನ್ನೇ ಪಡೆದರು. ಆದರೆ ಅವರು ಪಡೆದದ್ದು ಕಟ್ಟುವ ಹಕ್ಕನ್ನು. ನಮ್ಮ ಎಚ್.ಟಿ.ಟಿ. 40 ಬೆಂಗಳೂರಿನಲ್ಲಿ ಮೊದಲು ಹಾರಿದ್ದು 2016ರ ಮೇ 31ರಂದು. ಬೆಲೆ ಹೆಚ್ಚೆಂದು ಮೊದಲು ವಾಯುಪಡೆಯೇ ಬೇಡವೆಂದಿತ್ತು, ಕಾರ್ಖಾನೆ ತನ್ನ ಹಣದಿಂದಲೇ ಕೆಲಸ ಮುಂದುವರಿಸಿತ್ತು. 70 ವಿಮಾನಗಳಿಗೆ ಒಪ್ಪಂದವಾದದ್ದು 2023ರ ಮಾರ್ಚಿನಲ್ಲಿ. 1951ರಲ್ಲಿ ಮಾಡಿ ತೋರಿಸಿದ ಊರಿಗೆ ಇದೇ ವಿದ್ಯೆ ಮತ್ತೆ ಕೈಗೆ ಬರಲು ಇಷ್ಟು ಕಾಲ ಬೇಕಾಯಿತೇ? ಮೇಧಾವಿಗಳ ಕೊರತೆ ಎಂದು ನಾನು ಒಪ್ಪುವುದಿಲ್ಲ. ಪ್ರಾಥಮಿಕ ಶಾಲೆಯ ಮೇಷ್ಟರ ಸಂಬಳದ ಕಡತ ಯಾವಾಗಲೂ ಕೊನೆಗೆ ತೆರೆಯುವ ದೇಶದಲ್ಲಿ ಪ್ರಾಥಮಿಕ ಪಾಠದ ವಿಮಾನದ ಕಡತವೂ ಕೊನೆಗೇ ತೆರೆಯುತ್ತದೆ. ಹಾಗೆ ತೆರೆಯುವಷ್ಟರಲ್ಲಿ ಕೆಲವು ಮನೆಗಳಲ್ಲಿ ಇಪ್ಪತ್ತು ಇಪ್ಪತ್ತೆರಡು ವರ್ಷದ ಮಗ ಇಲ್ಲವಾಗಿರುತ್ತಾನೆ.

ಅಂದು ಪ್ರಶ್ನೆ ಕೇಳಿದ ಹುಡುಗ ಪೈಲಟ್ ಆಗಲಿಲ್ಲ. ವಾಯುಪಡೆಗೆ ಸೇರಿ ಎಂಜಿನ್ ರಿಪೇರಿಯ ಕೆಲಸದಲ್ಲಿದ್ದು, ಬಹುಕಾಲ ಕಲಿಕೆಯ ವಿಮಾನಗಳ ನಡುವೆಯೇ ಕಳೆದು ನಿವೃತ್ತನಾದ. ಈಗ ಮದಗದ ಕೆರೆಯ ಕಡೆ ಸ್ವಲ್ಪ ಅಡಿಕೆ ತೋಟ ಮಾಡಿಕೊಂಡಿದ್ದಾನೆ. ಹೋದ ದೀಪಾವಳಿಗೆ ಮನೆಗೆ ಬಂದಿದ್ದ. ಕಾಫಿ ಕುಡಿಯುತ್ತಾ, "ಸಾರ್, ನೀವು ಅವತ್ತು ಹೇಳಿದ್ದು ತಪ್ಪು" ಎಂದ. ಯಾವತ್ತು, ಏನು ಎಂದು ನಾನು ಕೇಳಬೇಕಾಗಲಿಲ್ಲ.

"ಗೊತ್ತಪ್ಪ, ಆಮೇಲೆ ಓದಿದೆ. ಟೈಗರ್ ಮಾತ್‌ನಲ್ಲಿ ಮೇಷ್ಟ್ರು ಮುಂದೆ, ಹುಡುಗ ಹಿಂದೆ" ಎಂದೆ.

"ಹೌದು ಸಾರ್. ಹುಡುಗನಿಗೆ ಕಾಣೋದು ಮೇಷ್ಟ್ರ ತಲೆ ಹಿಂಭಾಗ ಒಂದೇ. ಮೊದಲ ಸಲ ಒಬ್ಬನೇ ಹಾರೋ ದಿನ ನೋಡಿದರೆ ಮುಂದಿನ ಸೀಟು ಖಾಲಿ ಇರುತ್ತೆ."

ಆಲ್ಬಂ ಇದೆಯೇ ಎಂದು ಕೇಳಿದ. ಅಟ್ಟದಿಂದ ಇಳಿಸಿ ಕೊಟ್ಟೆ. ಕನ್ನಡಕ ಏರಿಸಿ ಆ ರೊಮಾನಿಯಾದ ಚೀಟಿಯನ್ನು ಬಹಳ ಹೊತ್ತು ನೋಡಿದ. ಬಣ್ಣ ಮಾಸಿದೆ. ಹಿಂದಿನ ತಲೆ ಇನ್ನೂ ಕಾಣುತ್ತದೆ, ಮುಂದಿನದು ಅಂಚೆಯ ಮುದ್ರೆಯ ಕೆಳಗೆ ಅರ್ಧ ಅಳಿಸಿಹೋಗಿದೆ.