ಗಣಕದ ಆಟದಲ್ಲಿ ಗಡಿನಾಡಿನ ಸ್ವಭಾವ

ಗಣಕಯಂತ್ರದ ಆಟವೆಂದರೆ ಕಾಲಹರಣವೆಂದೇ ಹಿರಿಯರಲ್ಲಿ ಬಹುಮಂದಿ ಬಗೆದಿರುವರು. ಆಡುವುದರ ಮಟ್ಟಿಗೆ ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಆಟವನ್ನು ತಿದ್ದುವ ಕೆಲಸ ಬೇರೆಯ ಬಗೆಯದು. ಶಾಲೆಯ ಲಕ್ಷ್ಯಕ್ಕೆ ಯೋಗ್ಯವಾದುದು.

ಕೆನಡಾದ ಲುಡಿಯನ್ ಸ್ಟುಡಿಯೋಸ್ ಸಂಸ್ಥೆಯು 2018ರಲ್ಲಿ ಪೂರ್ಣರೂಪದಲ್ಲಿ ಹೊರತಂದ ‘ರಿಮ್‌ವರ್ಲ್ಡ್’ ಎಂಬ ಆಟದಲ್ಲಿ, ದೂರದ ಗ್ರಹದಲ್ಲಿ ಸಿಲುಕಿದ ಕೆಲವರು ಊರು ಕಟ್ಟಿಕೊಂಡು ಬಾಳುವರು. ಒಬ್ಬೊಬ್ಬರಿಗೂ ದಯೆ, ದುರಾಸೆ, ಮತ್ಸರ ಮೊದಲಾದ ಸ್ವಭಾವಗಳುಂಟು. ನಡೆದ ಸಂಗತಿಗೆ ತಕ್ಕಂತೆ ಮನದಲ್ಲಿ ಭಾವನೆಗಳು ಮೂಡುವುವು. ಭಾವನೆ ಮನಸ್ಸನ್ನು ಎಷ್ಟು ಏರಿಸುವುದು, ಎಷ್ಟು ಇಳಿಸುವುದು ಎಂಬುದಕ್ಕೆ ಅಂಕೆಯುಂಟು. ಇವೆಲ್ಲ ಎಕ್ಸ್‌ಎಂಎಲ್ ಕಡತಗಳಲ್ಲಿ ಓದಲು ಬರುವಂತೆ ಬರೆದಿರುವುದರಿಂದ, ಹೊರಗಿನವರೂ ಹೊಸ ಸ್ವಭಾವ, ಹೊಸ ಭಾವನೆಗಳನ್ನು ಸೇರಿಸಬಹುದು. ಇಂಥ ಸ್ವಭಾವದವನಲ್ಲಿ ಇಂಥ ಭಾವನೆ ಹುಟ್ಟದು ಎಂದು ವಿಧಿಸಲೂಬಹುದು. ಕೆಲವಕ್ಕೆ ಸಿ-ಶಾರ್ಪ್ ಭಾಷೆಯ ಅಲ್ಪ ಜ್ಞಾನ ಬೇಕು, ಅಷ್ಟೆ.

ಆ ಆಟದಲ್ಲಿ ಮೇಜಿಲ್ಲದೆ ಉಂಡವನ ಮನಸ್ಸು 3 ಅಂಕ ಕುಗ್ಗುತ್ತದೆ! ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತು ಉಂಡು ಬೆಳೆದ ಅಥಣಿ, ರಾಯಬಾಗದ ಹುಡುಗನಿಗೆ ಇದು ನಗೆ ತರಿಸದಿರದು. ಅವನು ಅದನ್ನು ತಿದ್ದಿ, ಒಬ್ಬನೇ ಉಂಡರೆ ಬೇಸರ, ನಾಲ್ವರೊಡನೆ ಉಂಡರೆ ಹರ್ಷ ಎಂದು ಬರೆದರೆ, ತನ್ನ ನಾಡಿನ ನಡೆಯನ್ನು ಹೊರಗೆ ನಿಂತು ನೋಡಿದಂತಾಯಿತು. ಎರವಲು ಕಥೆಗೆ ಸ್ವಂತ ಸ್ವಭಾವ ಕೊಡುವುದು ಈ ಸೀಮೆಗೆ ಹೊಸದೂ ಅಲ್ಲ. ಪುರಾಣದ ಸತ್ಯಭಾಮೆ ‘ಶ್ರೀಕೃಷ್ಣ ಪಾರಿಜಾತ’ದ ಆಟದಲ್ಲಿ ಬೆಳಗಾವಿ ಸೀಮೆಯ ಮನೆಯಾಕೆಯಂತೆಯೇ ಮುನಿಯುವಳು.

ಕಠಿಣವಾದುದು ಅವಧಿಯ ಪ್ರಶ್ನೆ. ನೆನಪಾಗಿ ಉಳಿಯುವ ಭಾವನೆಗೆ ಎಷ್ಟು ದಿನದ ಆಯುಸ್ಸು ಎಂಬುದನ್ನು ತಿದ್ದುವವನೇ ಬರೆಯಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಕಾಗವಾಡ, ಅಥಣಿ, ಚಿಕ್ಕೋಡಿ, ರಾಯಬಾಗಗಳ ನದಿತೀರದ ಜನ ಮನೆ ಬಿಟ್ಟು ನಡೆದರು. ಅದಕ್ಕೆ ಎಷ್ಟು ಅಂಕ ಕಳೆಯಬೇಕು? ಮನೆಗೆ ಮರಳಿದ ದಿನವೇ ಆ ಭಾವನೆ ಅಳಿಯುವುದೆ, ಇಲ್ಲವೆ ಮರುವರ್ಷ ಹೊಳೆಯ ನೀರು ಕೆಂಪಾದಾಗ ಮತ್ತೆ ಏಳುವುದೆ? ಉತ್ತರಕ್ಕಾಗಿ ಹುಡುಗನು ಅಜ್ಜಿಯನ್ನೇ ಕೇಳಬೇಕು. 1981ರಲ್ಲಿ ತಂಬಾಕಿನ ಬೆಲೆಗಾಗಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತ ರೈತರ ಸಿಟ್ಟೂ ಒಂದು ದಿನದ್ದಾಗಿರಲಿಲ್ಲ.

ಒಂದು ಎಚ್ಚರ ಅಗತ್ಯ. ಸ್ವಭಾವವನ್ನು ವ್ಯಕ್ತಿಗೆ ಕೊಡಬೇಕೇ ಹೊರತು ಜಾತಿಗೆ, ಭಾಷೆಗೆ, ಊರಿಗಲ್ಲ. ಗಡಿಯಾಚೆಯವರೆಲ್ಲ ಹಠಮಾರಿಗಳೆಂದು ಬರೆಯುವುದು ಬಲು ಸುಲಭ. ಕನ್ನಡ ಮರಾಠಿಗಳೆರಡೂ ಒಂದೇ ಅಂಗಳದಲ್ಲಿ ಕೇಳಿಬರುವ ನಿಪ್ಪಾಣಿಯಲ್ಲಂತೂ ಅದು ಶುದ್ಧ ಸುಳ್ಳು. ಶಿಕ್ಷಕರು ಪಕ್ಕದಲ್ಲಿರಬೇಕಾದುದು ಇಲ್ಲಿಯೇ. ಗಣಕಕೊಠಡಿಗೆ ಯಂತ್ರಗಳನ್ನು ಕೊಡುವ ಹಳೆಯ ವಿದ್ಯಾರ್ಥಿಗಳು, ಕನ್ನಡದ ಗುರುಗಳೂ ಗಣಕದ ಗುರುಗಳೂ ಕೂಡಿ ನಡೆಸುವ ಒಂದು ಅವಧಿಯನ್ನು ವಾರಕ್ಕೊಮ್ಮೆ ಇಡುವಂತೆ ಕೇಳಿಕೊಳ್ಳುವುದು ಒಳಿತು.